ಸಹಮ್‌ನಲ್ಲೊಂದು ಇಂಗ್ಲಿಷ್ ಮನೆ

1988ರಲ್ಲಿ ನಾನು ಮಸ್ಕತ್ತಿನ ಒಂದು ಕನ್ಸಲ್ಟೆನ್ಸಿಯಲ್ಲಿ ಆರ್ಕಿಟೆಕ್ಟ್ ಆಗಿದ್ದೆ. ಗೋದಾಮು, ಅಂಗಡಿ ಸಾಲುಗಳೇ ನಮ್ಮ ದಿನದ ಕೆಲಸ. ಒಂದು ದಿನ ಒಮಾನಿನ ಕರಾವಳಿಯ ಊರು ಸಹಮ್‌ನ ಸಾಲಿಮ್ ಎಂಬವರು ಬಂದು ಮೇಜಿನ ಮೇಲೊಂದು ಫೋಟೊ ಇಟ್ಟರು. ಅವರ ಪತ್ನಿ ಮಾರ್ಗರೆಟ್ ಇಂಗ್ಲೆಂಡಿನವರು. ಫೋಟೊದಲ್ಲಿದ್ದದ್ದು ಆಕೆಯ ಅಜ್ಜಿಯ ಹಳ್ಳಿಮನೆ. ಕಡಿದಾದ ಮಾಡು, ಚಿಮಣಿ, ಮುಂದಕ್ಕೆ ಚಾಚಿದ ದೊಡ್ಡ ಗಾಜಿನ ಕಿಟಕಿ. ತಮ್ಮ ಖರ್ಜೂರದ ತೋಟದಲ್ಲಿ ಅಂಥದ್ದೇ ಮನೆ ಬೇಕು, ಆದರೆ ಹಗಲಿರುಳು ಎ.ಸಿ. ಓಡಬಾರದು ಎಂದರು.

"ಬೇಸಿಗೆಗೆ ತವರಿಗೆ ಹೋದವಳು ಕಳೆದ ಸಲ ವಾಪಸ್ಸು ಬರಲು ಬಹಳ ದಿನ ಮನಸ್ಸೇ ಮಾಡಲಿಲ್ಲ. ಈ ಮನೆ ಅವಳನ್ನು ಇಲ್ಲಿ ಉಳಿಸಬೇಕು," ಎಂದು ಹಿಂದಿಯಲ್ಲಿ ಹೇಳಿದರು. ಹೆಂಡತಿಯನ್ನು ಉಳಿಸಿಕೊಳ್ಳುವ ಹೊಣೆಯನ್ನು ಕಲ್ಲು ಗಾರೆಗೆ ವಹಿಸಿದ ಇನ್ನೊಬ್ಬ ಗ್ರಾಹಕರನ್ನು ನಾನು ಕಂಡಿಲ್ಲ.

ಇಂಗ್ಲಿಷ್ ಮನೆ ಬಿಸಿಲನ್ನು ಕರೆದು ಕೂರಿಸುತ್ತದೆ. ಒಮಾನಿನಲ್ಲಿ ಅದನ್ನು ಹೊರಗೇ ನಿಲ್ಲಿಸಬೇಕು. ಎರಡಡಿ ದಪ್ಪದ ಕಲ್ಲುಗೋಡೆ, ಸುಣ್ಣದ ಗಾರೆ ಎಂದು ಬರೆದೆ. ಮಾಡನ್ನು ಎರಡು ಪದರ ಮಾಡಿ ನಡುವೆ ಗಾಳಿಗೆ ಜಾಗ ಬಿಟ್ಟೆ. ಚಿಮಣಿಯಲ್ಲಿ ಬೆಂಕಿಯಿಲ್ಲ, ಒಳಗಿನ ಬಿಸಿಗಾಳಿ ಮೇಲೇರಿ ಹೋಗಲು ಅದೇ ದಾರಿ. ತಕರಾರು ಬಂದದ್ದು ಕಿಟಕಿಯ ವಿಷಯದಲ್ಲಿ. ರಸ್ತೆ ಪಶ್ಚಿಮಕ್ಕಿತ್ತು, ಕಿಟಕಿ ರಸ್ತೆಗೆ ಕಾಣಬೇಕೆಂದು ಸಾಲಿಮ್ ಹಟ ಹಿಡಿದರು.

ನಮ್ಮ ಡ್ರಾಫ್ಟ್ಸ್‌ಮನ್, ಪುತ್ತೂರಿನ ಶೇಖರ, ನಕ್ಷೆ ನೋಡಿ ನಕ್ಕ. "ಹಪ್ಪಳ ಒಣಗಿಸ್ಲಿಕ್ಕೆ ಲಾಯ್ಕಾಗ್ತದೆ ಸಾರ್. ಮನುಷ್ಯರು ಕೂತ್ಕೊಳ್ಳುದು ಹೇಗೆ ಮಾರಾಯ್ರೆ?"

ನಾನು ಎಷ್ಟು ಹೇಳಿದರೂ ಸಾಲಿಮ್‌ರದು ಒಂದೇ ಮಾತು: "ಖಲಾಸ್, ಕಿಟಕಿ ಅಲ್ಲೇ."

ಅಷ್ಟು ದಿನವೂ ಮಾತುಕತೆ ಗಂಡಸರ ನಡುವೆಯೇ. ಒಮಾನಿ ಮನೆಯ ಹೆಂಗಸನ್ನು ನೇರವಾಗಿ ಮಾತಾಡಿಸುವುದು ಮರ್ಯಾದೆಯಲ್ಲವೆಂದು ನಾವೂ ಸುಮ್ಮನಿದ್ದೆವು. ಪಾಯದ ಗುರುತು ಹಾಕುವ ದಿನ ಮಾರ್ಗರೆಟ್ ತಾವೇ ಸೈಟಿಗೆ ಬಂದರು. ಧೈರ್ಯ ಮಾಡಿ ಸಾಲಿಮ್ ಎದುರಿಗೇ ಕೇಳಿದೆ: "ಮೇಡಂ, ಅಜ್ಜಿಯ ಮನೆಯಲ್ಲಿ ನೀವು ಎಲ್ಲಿ ಕೂರುತ್ತಿದ್ದಿರಿ?"

"ಹಿತ್ತಲಿನ ಮೆಟ್ಟಿಲ ಮೇಲೆ, ಬಟಾಣಿ ಬಿಡಿಸುತ್ತ. ಮುಂದಿನ ಕೋಣೆಗೆ ಮಕ್ಕಳನ್ನು ಬಿಡುತ್ತಲೇ ಇರಲಿಲ್ಲ," ಎಂದರು ಆಕೆ. ಗಂಡನತ್ತ ತಿರುಗಿ, "ಇಲ್ಲಿ ನಾನು ಇಡೀ ದಿನ ಒಳಗೇ ಇರುತ್ತೇನೆ," ಎಂದರು.

ಸಾಲಿಮ್ ಮುಖ ಚಿಕ್ಕದಾಯಿತು. ಫೋಟೊ ತೆಗೆದದ್ದು ಮನೆಯ ಮುಂದಿನಿಂದ. ಆಕೆಗೆ ಬೇಕಾದದ್ದು ಅದರಲ್ಲಿ ಇರಲೇ ಇಲ್ಲ. ಅಲ್ಲೇ ನಿಂತು ಕಿಟಕಿಯನ್ನು ಕಿರಿದು ಮಾಡಿದೆವು. ಉತ್ತರಕ್ಕೆ, ಅಡುಗೆಮನೆಯ ಹೊರಗೆ, ತೋಟದ ಗಾಳಿ ಬರುವಲ್ಲಿ ಆಳವಾದ ಜಗಲಿ, ಅಗಲವಾದ ಕಲ್ಲಿನ ಮೆಟ್ಟಿಲು ಬಂದವು.

ಮನೆ ಒಕ್ಕಲಾದ ಮೊದಲ ಆಗಸ್ಟ್‌ನಲ್ಲಿ ಸಾಲಿಮ್ ಫೋನ್ ಮಾಡಿದರು. ಗೋಡೆ ಬಿರುಕು ಬಿಟ್ಟಿತೇನೋ ಎಂದುಕೊಂಡೆ.

"ಜಗಲಿ ಸಾಲುತ್ತಿಲ್ಲ. ಸಂಜೆಯಾದರೆ ನನ್ನ ತಾಯಿ, ಅಕ್ಕಪಕ್ಕದ ಹೆಂಗಸರು, ಎಲ್ಲ ಅಲ್ಲೇ. ಉದ್ದ ಮಾಡಿಕೊಡಿ."

"ಮೇಡಂ ಊರಿಗೆ ಹೋಗಲಿಲ್ಲವೆ?"

"ಟಿಕೆಟ್ ತೆಗೆದಿದ್ದೆ. ಅವಳೇ ರದ್ದು ಮಾಡಿಸಿದಳು."

ನನಗಾದ ಸಂತೋಷ ಅಷ್ಟಿಷ್ಟಲ್ಲ. ನಿವೃತ್ತನಾಗುವವರೆಗೂ, ಮನೆಯಲ್ಲಿ ದಿನ ಕಳೆಯುವವರನ್ನು ಮಾತಾಡಿಸದೆ ನಾನು ಮತ್ತೆ ಯಾವ ಮನೆಯ ಗೆರೆಯನ್ನೂ ಎಳೆಯಲಿಲ್ಲ.