ಬಿಸಿಲಿಗಿಟ್ಟ ದನಿ

ಸರೋವರದ ದಡದ ಹೋಮಾ ಬೇ ಊರಿನ ಸಂತೆಯಲ್ಲಿ ಮೀನು ಮಾರುವ ಅಕೇಯೊ ಯಾರ ಮದುವೆಯಲ್ಲೂ, ಯಾರ ಸಾವಿನಲ್ಲೂ ಹಾಡಿದವಳಲ್ಲ. ಜಂಬದ ಹೆಂಗಸು ಅನ್ನುತ್ತಾರೆ ಜನ. ಎಲುಬಿಲ್ಲದ ನಾಲಗೆ, ಏನು ಬೇಕಾದರೂ ಅನ್ನುತ್ತದೆ.

ಅವಳನ್ನು ಹೆತ್ತ ಬಾಣಂತನದಲ್ಲೇ ತಾಯಿ ಅವೂರ್ ತೀರಿಕೊಂಡಿದ್ದಳು. ಅದಕ್ಕೂ ಮುಂಚೆ ಕಿಸುಮು ಪಟ್ಟಣದ ವಾದ್ಯದವರ ಜೊತೆ ಒಂದೇ ಒಂದು ಹಾಡು ಹಾಡಿದ್ದಳು. ಅದು ರೆಕಾರ್ಡ್ ಆಗಿ ಬಂದಿತ್ತು. ಅಪ್ಪ ಓಗುಟುವಿನ ಹತ್ತಿರ ಸೆಲ್ಲು ಹಾಕಿ ನುಡಿಸುವ ಪೆಟ್ಟಿಗೆಯಿತ್ತು. ಭಾನುವಾರ ಹೆಂಡ ಕುಡಿಯಲು ಜನ ಕೂಡಿದಾಗ ಅದು ಹಾಡುತ್ತಿತ್ತು. ಮನೆಯಲ್ಲಿ ತಾಯಿಯ ಒಂದು ಫೋಟೊ ಕೂಡ ಇರಲಿಲ್ಲ. ಅಕೇಯೊ ಪೆಟ್ಟಿಗೆಗೆ ಕೆನ್ನೆ ಆನಿಸಿ ಕೂರುತ್ತಿದ್ದಳು. ಅವಳಿಗೆ ತಾಯಿ ಅಂದರೆ ಅಷ್ಟೇ.

ಅವಳಿಗೆ ಹತ್ತು ತುಂಬಿದ ವರ್ಷ ಸೆಲ್ಲು ಸೋತು, ಹೆಣ್ಣುದನಿ ಎಳೆದೆಳೆದು ಮುದುಕರ ಗೊಗ್ಗರು ದನಿಯಾಯಿತು. ಸೋತ ಸೆಲ್ಲನ್ನು ಆ ಊರಲ್ಲಿ ಯಾರೂ ಎಸೆಯುವುದಿಲ್ಲ. ತಗಡಿನ ಮಾಡಿನ ಮೇಲೆ ಬಿಸಿಲಿಗಿಟ್ಟರೆ ಮತ್ತೆ ಒಂದಿಷ್ಟು ಜೀವ ಬರುತ್ತದೆ. ಅಕೇಯೊ ಸೆಲ್ಲುಗಳನ್ನು ಮೇಲಿಟ್ಟಳು. ಅವ್ವನೂ ಸೋತಿದ್ದಾಳಲ್ಲ ಎಂದುಕೊಂಡು ರೆಕಾರ್ಡನ್ನೂ ಪಕ್ಕದಲ್ಲಿ ಮಲಗಿಸಿದಳು. ಮಧ್ಯಾಹ್ನ ಇಳಿಸಿದಾಗ ಅದು ಒಣಗಿದ ಎಲೆಯ ಹಾಗೆ ಸುರುಟಿಕೊಂಡಿತ್ತು.

ಓಗುಟು ಹೊಡೆಯಲಿಲ್ಲ. ಹೊಡೆದಿದ್ದರೆ ಅಂದಿಗೇ ಮುಗಿಯುತ್ತಿತ್ತು.

"ಹುಟ್ಟುವಾಗ ಒಂದ್ಸಲ ಕೊಂದೆ, ಈಗ ಇನ್ನೊಂದ್ಸಲ," ಎಂದ. ಭಾನುವಾರ ಜನ ಸೇರಿದಾಗ ಅವಳನ್ನು ನಡುವೆ ಎಳೆದು ನಿಲ್ಲಿಸಿದ. "ಹಾಡಿನ ಪ್ಲೇಟು ತಿಂದೋಳು ಇವಳೇ ಕಣ್ರೋ. ಹೊಟ್ಟೇಲಿರೋದನ್ನ ಕಕ್ಕಲಿ. ಹಾಡೇ!"

ಹಾಡಿದಳು. ನಡುವೆ ಬಿಕ್ಕಳಿಕೆ ಬಂದು ತಡವರಿಸಿದಾಗ ನೆರೆಮನೆಯ ಓಲೋ ಹೊಟ್ಟೆ ಹಿಡಿದುಕೊಂಡು ನಕ್ಕ. "ಪ್ಲೇಟಿನ ಮುಳ್ಳು ಸಿಕ್ಕಾಕ್ಕೊಂತು ನೋಡು! ಒಂದು ಮೊಟಕು, ಮುಂದಕ್ಕೆ ಹೋಗ್ತದೆ!"

ಮೊಟಕಿಯೂ ಬಿಟ್ಟ. ದೊಡ್ಡವರೆಲ್ಲ ನಕ್ಕರು. ಇಂಥವರಿಗೆ ನಗುವೂ ಬರುತ್ತದಲ್ಲ, ಅದೇ ನನಗೆ ಸಂಕಟ.

ಮದುವೆಯಾಗಿ ಹೋಗುವ ತನಕ ಪ್ರತಿ ಭಾನುವಾರವೂ ಇದೇ ಆಟ. ಮೊದಮೊದಲು ಅವಳು ಕಣ್ಣು ಮುಚ್ಚಿ, ಒಳಗೆ ತಾಯಿಯ ದನಿಯನ್ನು ಕೇಳಿಸಿಕೊಂಡು ಅದರ ಬೆನ್ನಿಗೆ ಹಾಡುತ್ತಿದ್ದಳು. ಬರಬರುತ್ತ ಒಳಗೂ ಅವಳದೇ ದನಿ, ಹೆದರಿ ನಡುಗುವ ದನಿ. ತಾಯಿಯದು ಎಲ್ಲಿ ಅಳಿಸಿಹೋಯಿತೋ ತಿಳಿಯಲಿಲ್ಲ. ಗಂಡನ ಮನೆಗೆ ಹೋದ ಮೇಲೆ ಹಾಡನ್ನೇ ಬಿಟ್ಟಳು. ಒಲೆಯ ಮುಂದೆ ಕೂತು, ಸಂತೆಗೆ ಒಯ್ಯುವ ಮೀನು ಕೆಡದಂತೆ ಹೊಗೆ ಹಾಕುವುದೇ ಬದುಕಾಯಿತು.

ಓಗುಟು ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಬಂದವಳೂ ಅವಳೇ. ಕುಡಿತದ ಗೆಳೆಯರಲ್ಲಿ ಒಬ್ಬನೂ ಇತ್ತ ತಲೆ ಹಾಕಲಿಲ್ಲ.

"ಮಗಾ, ನಿಮ್ಮವ್ವನ ಹಾಡು ಒಂದ್ಸಲ ಹೇಳೇ," ಎಂದ ಮುದುಕ.

"ಅವಳ ದನಿ ನಂಗೆ ಮರೆತೋಗಿದೆ ಅಪ್ಪಾ."

"ಮರೆಯಾಕೆ ಏನೈತೆ? ನಿಂದು ಥೇಟ್ ಅವಳದೇ ದನಿ. ಮೊದಲ ಭಾನುವಾರ ನೀನು ಬಾಯಿ ಬಿಟ್ಟಾಗ್ಲೇ ಗೊತ್ತಾತು ನಂಗೆ. ಅದಕ್ಕೇ ಅಲ್ವಾ ಬಿಡದೆ ಹಾಡಿಸ್ತಿದ್ದುದು."

ಅಕೇಯೊ ಎದ್ದು ಮನೆಯ ಹಿಂದಕ್ಕೆ ಹೋದಳು. ಮುಖವನ್ನೇ ಕಂಡಿರದ ತಾಯಿಯ ದನಿಯನ್ನು ತನ್ನ ಗಂಟಲಲ್ಲೇ ಒಂದೇ ಒಂದು ಸಲ ಕೇಳೋಣವೆಂದು ಬಾಯಿ ತೆರೆದಳು. ವರ್ಷಗಟ್ಟಲೆ ಒಲೆಯ ಹೊಗೆ ಕುಡಿದ ಗಂಟಲಿನಿಂದ ಕೆಮ್ಮು ಬಂತು. ಮತ್ತೆ ತೆರೆದಳು, ಮತ್ತೆ ಕೆಮ್ಮು. ಒಳಗೆ ಮುದುಕ ಮಗಾ, ಮಗಾ ಎಂದು ಕರೆಯುತ್ತಲೇ ಇದ್ದ. ಅವಳು ಹೋಗಲಿಲ್ಲ.