ಕೆರೆ ಎಡಕ್ಕಿದ್ದ ಕಾಲುದಾರಿ

ಜನವರಿ ಹದಿನೆಂಟು, ಭಾನುವಾರ. ಮಧ್ಯಾಹ್ನ ಮೂರೂ ಇಪ್ಪತ್ತು. ಸವಣೂರಿನ ಬಸ್ ನಿಲ್ದಾಣದಲ್ಲಿ ಕುಳಿತು ಇದನ್ನು ಬರೆಯಲು ಶುರು ಮಾಡಿದ್ದೇನೆ. ನಮ್ಮೂರು ಹಾನಗಲ್ಲಿಗೆ ಹೋಗುವ ಬಸ್ಸು ಬರಲು ಇನ್ನೂ ಹೊತ್ತಿದೆ. ಚೀಲದಲ್ಲಿ ಎರಡು ರೊಟ್ಟಿ ಉಳಿದಿವೆ. ಒಬ್ಬಳೇ ಹೊರಟರೂ ಇಬ್ಬರಿಗಾಗುವಷ್ಟು ಬುತ್ತಿ ಕಟ್ಟುವ ರೂಢಿ ನನಗೆ ಇನ್ನೂ ತಪ್ಪಿಲ್ಲ.

ಎರಡೂವರೆ ವರ್ಷದ ಹಿಂದಿನ ಮಾತು. ಆಗ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ ಎಂದು ಆದ ಹೊಸತು. ಓಣಿಯ ಹೆಂಗಸರೆಲ್ಲ ಗುಂಪು ಕಟ್ಟಿಕೊಂಡು ಸವದತ್ತಿ, ಧರ್ಮಸ್ಥಳ ಎಂದು ಹೊರಟರು. ನಮ್ಮವ್ವ ಯಾವ ಗುಂಪಿಗೂ ಸೇರಲಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ವಾರ, ಭಾನುವಾರ ನಸುಕಿನಲ್ಲಿ ನನ್ನನ್ನು ಎಬ್ಬಿಸಿ, "ಏಳ ಸುಮಿ, ಬಸ್ ಹತ್ತೂಣು" ಎಂದಳು. ನನಗೆ ಆಗ ಹದಿಮೂರು ವರ್ಷ. ಎಲ್ಲಿಗೆ ಎಂದು ಕೇಳಿದರೆ ಹೇಳಲಿಲ್ಲ. ಕಂಡಕ್ಟರನಿಗೂ ಹೇಳಲಿಲ್ಲ.

"ಎಲ್ಲಿಗವ್ವಾ?"

"ಈ ಬಸ್ ಎಲ್ಲಿತನಾ ಹೋಗತೈತಿ, ಅಲ್ಲಿತನಾ ಕೊಡ್ರಿ."

"ಅಲ್ಲೇನೈತಿ? ಹೊಲಾ ಬಿಟ್ರ ಹೊಲಾ!"

"ಅದನ್ನ ನೋಡಾಕ ಹೊಂಟೇವ್ರಿ."

ಕಂಡಕ್ಟರ್ ನಗುತ್ತ ಎರಡು ಚೀಟಿ ಹರಿದುಕೊಟ್ಟ. ನಾನು ಒಂದರ ಹಿಂದೆ ತಾರೀಖು ಬರೆದೆ. ಹಾಗೆ ನನ್ನ ಲೆಕ್ಕ ಶುರುವಾಯಿತು: ಹತ್ತಿದ ಬಸ್ಸು, ಇಳಿದ ಊರು, ನಡೆದ ದಾರಿ.

ನಾವು ಹುಡುಕುತ್ತಿದ್ದದ್ದು ಏನೆಂದು ಅವ್ವ ಹೇಳಿದ್ದು ಆ ದಿನವೇ, ಒಂದು ಬದುವಿನ ಮೇಲೆ ರೊಟ್ಟಿ ಬಿಚ್ಚಿ ಕುಳಿತಾಗ. ಅವಳಿಗೆ ನಾಲ್ಕು ವರ್ಷವಿದ್ದಾಗ ಅವಳ ಅವ್ವ ಗಿರಿಜವ್ವ ತೀರಿಕೊಂಡಳು. ಆಮೇಲೆ ನಮ್ಮಜ್ಜ ಇನ್ನೊಂದು ಮದುವೆಯಾದ. ಮೊದಲ ಹೆಂಡತಿಯ ತವರಿನವರೊಡನೆ ಏನೋ ಜಗಳವಾಗಿ ಆ ಊರಿನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಕೇಳಿದರೆ ಏಟು ಬೀಳುತ್ತಿತ್ತು. ಹೆಸರು ಬಲ್ಲವರೆಲ್ಲ ಒಬ್ಬೊಬ್ಬರಾಗಿ ಹೋದರು. ಅವ್ವನಿಗೆ ಉಳಿದದ್ದು ಒಂದೇ ನೆನಪು: ಬಸ್ಸು ಇಳಿದು ಗಿರಿಜವ್ವ ಅವಳನ್ನು ಹೆಗಲಿಗೆ ಹಾಕಿಕೊಂಡು ಕಾಲುದಾರಿಯಲ್ಲಿ ತವರಿಗೆ ನಡೆದದ್ದು. ಎಡಕ್ಕೆ ಕೆರೆ. ವೀಳ್ಯದೆಲೆ ತೋಟದ ತಂಪು ವಾಸನೆ. ಆಮೇಲೆ ಮೈತುಂಬ ಅರಿವೆ ಚೂರು ಕಟ್ಟಿಸಿಕೊಂಡ ಒಂದು ಜಾಲಿ ಗಿಡ.

ಅದು ಚಿಂದೆವ್ವನ ಗಿಡ. ದಾರಿಗೆ ಬಿದ್ದವರು ಉಟ್ಟ ಬಟ್ಟೆಯಿಂದ ಒಂದು ಚೂರು ಹರಿದು ಅದಕ್ಕೆ ಕಟ್ಟಿ, ಸುಖವಾಗಿ ಮುಟ್ಟಿಸವ್ವಾ ಎಂದು ಕೈ ಮುಗಿದು ಮುಂದೆ ಹೋಗುತ್ತಿದ್ದರು. ಗಿರಿಜವ್ವ ಸೆರಗಿನ ಅಂಚು ಹರಿದು ಕಟ್ಟಿದ ಸಪ್ಪಳ ಇನ್ನೂ ಕಿವಿಯಲ್ಲಿದೆ ಎನ್ನುತ್ತಿದ್ದಳು ಅವ್ವ.

ಆ ಮಳೆಗಾಲವೆಲ್ಲ ಹಾಗೆ ಹೋಯಿತು. ಬಸ್ಸು ತಿರುಗುವ ಕೊನೆಯ ಊರಲ್ಲಿ ಇಳಿಯುವುದು, ಅಲ್ಲಿಂದ ಮುಂದಿನ ಬಸ್ ರಸ್ತೆಯವರೆಗೆ ಹೊಲಗಳ ನಡುವೆ ನಡೆಯುವುದು. ಶಿಗ್ಗಾಂವಿ ಕಡೆ ಎರೆಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಭಾರವಾಗುತ್ತಿತ್ತು. ಅವ್ವ ಜಾಲಿಮುಳ್ಳಿನಿಂದ ಕೆರೆದು ತೆಗೆಯುತ್ತಿದ್ದಳು. ಚಿಕ್ಕೇರೂರಿನಿಂದ ಆಚೆ ಗೋವಿನಜೋಳ ಎದೆಮಟ್ಟ ಬೆಳೆದಿತ್ತು. ನಾನು ಒಳಗೆ ಅಡಗಿ ಕೂಗುವುದು, ಅವಳು ಹುಡುಕುವುದು. ಒಮ್ಮೆ ಬದುವಿನ ಮೇಲೆ ಸೀರೆ ಎತ್ತಿ ಕಟ್ಟಿ ಕುಂಟಾಬಿಲ್ಲೆಯ ಹಾಗೆ ಕುಂಟುತ್ತ ಹೋದಳು. ಅವಳು ಹಾಗೆ ಆಡಿದ್ದನ್ನು ಮನೆಯಲ್ಲಿ ನಾನು ಎಂದೂ ನೋಡಿರಲಿಲ್ಲ. ಸವಣೂರಿಗೆ ಬಂದ ದಿನ ಅಲ್ಲಿಯ ಹೆಸರಾದ ಕುರುಕಲು ಖಾರ ಕೊಂಡು ಬಾಯಿ ಉರಿಯುವವರೆಗೂ ತಿಂದು ಕೈಪಂಪಿನ ನೀರಿಗೆ ಬಾಯಿ ಒಡ್ಡುತ್ತಿದ್ದೆವು.

ಊರುಗಳ ಒಳಗೆ ಕಾಲಿಟ್ಟಾಗ ಮಾತ್ರ ಅವ್ವ ಸಣ್ಣವಳಾಗುತ್ತಿದ್ದಳು. ಕಟ್ಟೆಯ ಮೇಲಿನ ಮುದುಕಿಯರು ಬಿಡುತ್ತಿರಲಿಲ್ಲ.

"ಯಾ ಊರ್ ತಂಗಿ? ಯಾರ ಪೈಕಿ?"

"ಸುಮ್ನ ಬಂದೇವ್ರಿ, ಗುಡಿಗೆ."

"ಇಲ್ಲಿ ಯಾ ಗುಡಿ ಐತ್ವಾ, ಆ ಹಣಮಪ್ಪನ್ನ ಬಿಟ್ರ!"

"ಹಣಮಪ್ಪಗ ಬಂದೇವ್ರಿ."

ಆಮೇಲೆ ಹಣಮಪ್ಪನಿಗೆ ಕೈ ಮುಗಿದೇ ಹೊರಡಬೇಕಾಗುತ್ತಿತ್ತು. ಗಿರಿಜವ್ವ ಎಂಬ ಮಗಳು ಈ ಊರಿನವಳೇ ಎಂದು ಕೇಳಬಾರದೇಕೆ ಎಂದರೆ, "ಯಾರ ಮನಿ ಗಿರಿಜವ್ವ ಅಂತ ಕೇಳತಾರಲ್ಲ, ಏನ್ ಹೇಳಲಿ? ತಾಯಿ ಮನಿ ಹೆಸರ ಗೊತ್ತಿಲ್ಲದಾಕಿ ಅಂತ ನಗಿಸ್ಕೊಳ್ಳಲೇನು? ಮೊದಲ ದಾರಿ ಸಿಗಲಿ, ಆಮ್ಯಾಲ ಕೇಳೂಣು" ಎನ್ನುತ್ತಿದ್ದಳು.

ಎಳ್ಳಮಾವಾಸ್ಯೆಗೆ ಮುಂಚಿನ ಭಾನುವಾರ ಸವಣೂರಿನಿಂದ ಒಳಗೆ ಹೋಗುವ ಒಂದು ಬಸ್ಸು ಹತ್ತಿದೆವು. ಇಳಿದು ಸ್ವಲ್ಪ ದೂರ ನಡೆದಿದ್ದೇವೆ, ವೀಳ್ಯದೆಲೆಯ ವಾಸನೆ ಬಂತು. ಅವ್ವ ನನ್ನ ಕೈ ಹಿಡಿದಳು. ತೋಟ ದಾಟಿದರೆ ಕೆರೆ, ಕೆರೆಯ ಕೊನೆಗೆ ಚಿಂದೆವ್ವನ ಗಿಡ. ಅವ್ವ ನಿಂತೇಬಿಟ್ಟಳು. ತೋಟದ ಮಾಲೀಕ, ಬಿಳಿ ಗಡ್ಡದ ಚಾಚಾ ಒಬ್ಬರು, ಎಲೆ ಕಟ್ಟುತ್ತ ಕುಳಿತಿದ್ದವರು ಎದ್ದು ಬಂದರು.

"ಬಾ ಬೇಟಿ, ನೆಳ್ಳಿಗೆ ಕುಂದರು. ಯಾರ ಮನಿ ಮಗಳು ನೀ? ಮಾರಿ ಎಲ್ಲೋ ನೋಡಿದಂಗೈತಿ."

ಅವ್ವ ಕೆರೆಯನ್ನು ನೋಡಿದಳು, ಹೊರಟ ದಿಕ್ಕನ್ನು ನೋಡಿದಳು. ಕೆರೆ ನಮ್ಮ ಬಲಕ್ಕಿತ್ತು.

"ಇಲ್ರಿ ಚಾಚಾ, ನಾವು ಹಾನಗಲ್ ಕಡ್ಯಾರು. ದಾರಿ ತಪ್ಪೇತಿ" ಎಂದು ಬಂದ ದಾರಿಗೇ ಹೊಳ್ಳಿದಳು. ಚಾಚಾ ನನ್ನ ಕೈಯಲ್ಲಿ ಎಳೆ ಎಲೆ ಒಂದಿಷ್ಟು ಇಟ್ಟರು. ಬಸ್ಸಿನಲ್ಲಿ ಅವ್ವ, "ಎಲ್ಲಾ ಐತಿ, ಕೆರಿ ಒಂದ ಆಚೆ ಕಡೆ ಐತಿ ನೋಡು. ಅಲ್ಲ, ಅದಲ್ಲ" ಎಂದಳು. ನಾನು ಬರೆದುಕೊಂಡೆ: ಕೆರೆ ಬಲಕ್ಕೆ, ಅದಲ್ಲ.

ಮುಂದಿನ ತಿಂಗಳು ಅವಳು ಶಿಗ್ಗಾಂವಿಯ ಹೊಲಿಗೆ ಕಾರ್ಖಾನೆಗೆ ಸೇರಿದಳು. ಭಾನುವಾರಗಳು ಬಟ್ಟೆ ಒಗೆಯಲು, ನಿದ್ದೆಗೆ ಹೋದವು. ಮತ್ತೆ ಬಸ್ಸಿನ ಮಾತು ಬರಲಿಲ್ಲ.

ಈಗ ನಾನು ಪಿಯುಸಿ. ಹೋದ ವಾರ ಹಾನಗಲ್ಲಿನಲ್ಲಿ ಆನೆಕೆರೆಯ ಏರಿಯ ಮೇಲೆ ಹೋಗುತ್ತಿದ್ದೆ. ಮುಂದೆ ಒಬ್ಬ ಹೆಂಗಸು ಕೂಸನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದಳು. ಕೂಸು ಅವಳ ಬೆನ್ನ ಮೇಲಿನಿಂದ ನನ್ನನ್ನು ನೋಡಿ ನಕ್ಕಿತು. ನಾನೂ ನಕ್ಕೆ. ಕೆರೆ ನನ್ನ ಬಲಕ್ಕಿತ್ತು, ಅವಳ ಬಲಕ್ಕೂ. ಅದರ ಕಡೆ ಕೂಸು ಚಾಚಿದ್ದು ಎಡಗೈ. ಅಲ್ಲೇ ನಿಂತೆ. ಹೆಗಲ ಮೇಲಿನ ಕೂಸು ಹಿಂದಕ್ಕೆ ಮುಖ ಮಾಡಿರುತ್ತದೆ; ಅದರ ಎಡ, ಹೊತ್ತವಳ ಬಲ. ಇದು ನಮಗಿಬ್ಬರಿಗೂ ಹೊಳೆದಿರಲೇ ಇಲ್ಲ.

ಸಂಜೆ ಹೇಳಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಕೈ ಒರೆಸಿಕೊಂಡು, ಮಡಚಿಟ್ಟ ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಒಲೆಯಿಂದ ಬಾಗಿಲವರೆಗೆ ನಡೆದಳು. ಕೌದಿಯ ಬೆನ್ನು ಸವರಿ, "ಹೌದವಾ" ಎಂದಳು. ತವೆಯ ಮೇಲಿನ ರೊಟ್ಟಿ ಸೀದಿತು.

"ಬರೂ ಐತ್ವಾರ ಹೋಗೂಣು ಬಾರವ್ವಾ."

"ನಾ ಒಲ್ಲೆ. ಆ ಚಾಚಾ ಯಾರ ಮನಿ ಮಗಳು ಅಂತ ಬಾಯಿಬಿಟ್ಟ ಕೇಳಿದ್ರು. ದಾರಿ ತಪ್ಪೇತಿ ಅಂದಾಕಿ ನಾ. ಈಗ ಯಾ ಮಾರಿ ಹೊತ್ಕೊಂಡ ಹೋಗಲಿ? ನೀ ಹೋಗು."

ಆದರೂ ಇಂದು ಬೆಳಿಗ್ಗೆ ತನ್ನ ಹಳೇ ಸೀರೆಯ ಅಂಚಿನಿಂದ ಒಂದು ಚೂರು ಹರಿದು ನನ್ನ ಕೈಗೆ ಕೊಟ್ಟಳು. ಗಿಡಕ್ಕೆ ಕಟ್ಟಲು.

ಅದೇ ಬಸ್ಸು, ಅದೇ ನಿಲ್ದಾಣ. ಕಾಲುದಾರಿ ಇದ್ದಲ್ಲಿ ಈಗ ಗರಸು ಹಾಕಿದ ಅಗಲ ರಸ್ತೆ. ಇಕ್ಕೆಲದಲ್ಲಿ ಸೈಟಿನ ಬಣ್ಣದ ಕಲ್ಲುಗಳು. ಎಲೆತೋಟ ಅರ್ಧ ಉಳಿದಿದೆ. ಚಾಚಾ ಅವರ ಮೊಮ್ಮಗ ನೀರು ಬಿಡುತ್ತಿದ್ದ.

"ದಾದಾ ಹೋದ ವರ್ಷ ತೀರ್ಕೊಂಡ್ರು ಅಕ್ಕಾ. ಹಳೇ ಮಂದಿ ಸುದ್ದಿ ಎಲ್ಲಾ ಅವರಿಗೇ ಗೊತ್ತಿತ್ತು."

"ಇಲ್ಲೊಂದ ಚಿಂದೆವ್ವನ ಗಿಡ ಇತ್ತಲ್ಲ?"

"ರಸ್ತೆ ಮಾಡುವಾಗ ತಗದ್ರು. ಈಗ ಯಾರೂ ನಡದ ಹೋಗೂದಿಲ್ಲಲ್ಲ, ಎಲ್ಲಾ ಬೈಕು."

ಮುಂದಿನ ಊರಿಗೂ ಹೋದೆ, ಅವ್ವ ಕೇಳದೇ ಹೋದದ್ದನ್ನು ಮನೆಮನೆಗೆ ನಿಂತು ಕೇಳಿದೆ. ಯಾರಿಗೂ ನೆನಪಿಲ್ಲ. "ಯಾರ ಮನಿ ಗಿರಿಜವ್ವ?" ಎಂದೇ ತಿರುಗಿ ಕೇಳಿದರು. ಒಬ್ಬಳೇ ಕೆರೆಯ ದಂಡೆಗೆ ಬಂದು ಬುತ್ತಿ ಬಿಚ್ಚಿದೆ. ಗಿಡವಿಲ್ಲ, ದಾರಿಯಿಲ್ಲ, ಗುರುತು ಹಿಡಿದು ಕೇಳಿದ ಮನುಷ್ಯನೂ ಇಲ್ಲ. ಕೆರೆಯೊಂದು ಇದೆ, ಇರಬೇಕಾದ ಕಡೆಯೇ ಇದೆ. ಸೀರೆಯ ಚೂರು ಚೀಲದಲ್ಲಿ ಹಾಗೇ ಉಳಿದಿದೆ. ಅವ್ವ ಕೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೇನೆ.

ಬಸ್ಸು ಬಂತು. ಇದನ್ನು ಓದಿದವರಲ್ಲಿ ಸವಣೂರು, ಶಿಗ್ಗಾಂವಿ, ಹಿರೇಕೆರೂರು ಕಡೆಯವರು ಇದ್ದರೆ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ತವರಿಗೆ ಹೋಗುವಾಗ ಕೆರೆ ಬಲಕ್ಕೆ ಬರುತ್ತಿದ್ದ, ಎಲೆತೋಟವೂ ಚಿಂದೆವ್ವನ ಗಿಡವೂ ಇದ್ದ ದಾರಿ. ಹಾನಗಲ್ಲಿಗೆ ಕೊಟ್ಟ, ಚಿಕ್ಕ ಮಗಳನ್ನು ಬಿಟ್ಟು ತೀರಿಕೊಂಡ ಗಿರಿಜವ್ವ. ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಮನೆತನದ ಹೆಸರೊಂದು ತಿಳಿದರೂ ಸಾಕು. ಯಾರ ಪೈಕಿ ಎಂದು ಮತ್ತೆ ಯಾರಾದರೂ ಕೇಳಿದರೆ, ಅವ್ವ ಈ ಸಲ ಹಣಮಪ್ಪನ ಹೆಸರು ಹೇಳಬಾರದು.