ಕೆರೆಗೆ ಎಸೆದ ಕಡಾಣಿ

ಸೊರಬದಿಂದ ನಮ್ಮೂರಿಗೆ ಬರಲು ಆಗ ಕೆರೆ ಏರಿಯ ಮೇಲಿನ ದಾರಿ ಒಂದೇ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಗೇಣಿಗೆ ಮಾಡುತ್ತಿದ್ದ ಗದ್ದೆಯನ್ನು ಒಡೆಯರು ಬಿಡಿಸಿಕೊಳ್ಳಲು ಹೊರಟಿದ್ದರು. ನಾಟಿಗೆ ಮೊದಲೇ ಅಮಲ್ದಾರರು ಬಂದು ಅವರಿಗೆ ಕಬ್ಜಾ ಕೊಡಿಸುತ್ತಾರೆಂದು ಸುದ್ದಿ. ನಾಟಿ ತಪ್ಪಿದರೆ ಗದ್ದೆಯೂ ತಪ್ಪಿತೆಂದೇ ಲೆಕ್ಕ.

ಗೇಣಿದಾರರ ಮುಖಂಡರು ನಮ್ಮ ದೊಡ್ಡಪ್ಪ. ಹಿಂದೊಮ್ಮೆ ಗದ್ದೆಯಲ್ಲಿ ಸುಮ್ಮನೆ ಕೂತು ಜೈಲಿಗೆ ಹೋಗಿ ಬಂದವರು. ಈ ಸಲವೂ ಬದುವಿನ ಮೇಲೆ ಕೂರೋಣ ಅಂದರು. ನಾನೋ, ಶಿಕಾರಿಪುರದ ಸಂತೆಯಲ್ಲಿ ಗಾಡಿ ಅಡ್ಡ ಹಾಕಿ ಜಗಳ ಗೆದ್ದವರನ್ನು ನೋಡಿ ಬಂದವ, ಮೀಸೆ ಹೊಸದು.

"ಕೂತೂ ಕೂತೂ ನಿಮ್ಮ ಪಂಚೆ ಸವೀತು ದೊಡ್ಡಪ್ಪ, ಬ್ಯಾರೆ ಏನಾತು?" ಅಂದೆ.

ಅವರು ನಕ್ಕರು. "ಹಂಗಾದ್ರೆ ನೀನೇ ಮುಂದೆ ನಿಲ್ಲು ಮಾರಾಯ. ಗಾಡಿ ಬೇಕಾದ್ರೆ ನಂದೇ ತಗಾ."

ಅವರ ಗಾಡಿಯನ್ನೇ ಏರಿಗೆ ಅಡ್ಡ ನಿಲ್ಲಿಸಿದೆವು. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿಗಳೆರಡನ್ನೂ ಕಿತ್ತು ಕೆರೆಗೆ ಎಸೆದವನು ನಾನು. ಯಾರೂ ಗಾಡಿ ಸರಿಸಬಾರದು ನೋಡಿ!

ಅಮಲ್ದಾರರ ಜೀಪಿಗಿಂತ ಮೊದಲು ಬಂದದ್ದು ಸಸಿ ಹೇರಿದ ಇನ್ನೊಂದು ಗಾಡಿ. ಹೊಡೆಯುತ್ತಿದ್ದವಳು ನಮ್ಮೂರ ವಿಧವೆ, ಅವಳೂ ಗೇಣಿಯವಳೇ.

"ಕಿತ್ತ ಸಸಿ ಬಿಸಿಲಿಗೆ ಬಾಡ್ತೈತೆ ಕಣ್ರೋ! ಒಡೆಯರ ಕೆಲಸ ನೀವೇ ಮಾಡ್ತೀರೇನು?"

ಅವಳಿಗೆ ದಾರಿ ಬಿಡಲು ನಮ್ಮ ಗಾಡಿ ನೂಕಿದೆವು. ಕಡಾಣಿಯಿಲ್ಲದ ಗಾಲಿ ಹೊರಕ್ಕೆ ಜಾರಿತು. ಅಷ್ಟರಲ್ಲಿ ದೂರದಲ್ಲಿ ಜೀಪಿನ ಸದ್ದು.

ಬದುವಿನಿಂದ ನೋಡುತ್ತಿದ್ದ ದೊಡ್ಡಪ್ಪ ಕುಡುಗೋಲು ಹಿಡಿದು ಓಡಿ ಬಂದರು. ಏರಿಯ ಗಿಡದ ಕೊಂಬೆ ಕಡಿದು ಎರಡು ಗೂಟ ಕೆತ್ತಿ ಅಚ್ಚಿಗೆ ಬಡಿದರು. "ಹೂಂ, ನೂಕ್ರಿ!" ಸಸಿ ಗಾಡಿ ಊರಕಡೆ ದಾಟಿತು. ಅದರ ಬೆನ್ನಿಗೇ ಜೀಪು. "ಎಳೀರೋ ವಾಪಸ್ಸು!" ಎಳೆದೆವು. ಗೂಟಗಳನ್ನು ತಾವೇ ಕಿತ್ತು ಸೊಂಟಕ್ಕೆ ಸಿಕ್ಕಿಸಿ, ಗಾಡಿಯ ನೊಗ ಕಟ್ಟುವ ಮೂಕಿಯ ಮೇಲೆ ಕೂತರು.

"ಸಸಿಗೆ ದಾರಿ ಬಿಟ್ವಿ ಸ್ವಾಮಿ, ತಮಗೆ ಬಿಡಾಂಗಿಲ್ಲ. ಮಾತು ಇವನ ಹತ್ರ ಆಡ್ರಿ" ಎಂದು ನನ್ನನ್ನು ತೋರಿಸಿದರು.

ಮುಂದೆ ಬಂದು ಆಡಿದೆ. ಹೊತ್ತು ಇಳಿಯುವ ತನಕ ವಾದಿಸಿದ ಅಮಲ್ದಾರರು, ಕೊಯ್ಲು ಮುಗಿಯುವವರೆಗೆ ಗದ್ದೆ ನಮ್ಮದೇ ಎಂದು ಬರೆದುಕೊಟ್ಟು ಜೀಪು ತಿರುಗಿಸಿದರು.

ಮರುದಿನ ನಮ್ಮ ಗದ್ದೆಯ ನಾಟಿಗೆ ಮೊದಲು ಇಳಿದವಳು ಆ ಸಸಿ ಗಾಡಿಯವಳು. ಮುಖಂಡನಾದ ನಾನು ಮಾತ್ರ ಎದೆಮಟ್ಟ ನೀರಿನಲ್ಲಿ ನಿಂತು ಕಡಾಣಿ ಹುಡುಕುತ್ತಿದ್ದೆ. ಏರಿಯ ಮೇಲೆ ದೊಡ್ಡಪ್ಪ, "ಇನ್ನಷ್ಟು ಎಡಕ್ಕೆ ಸ್ವಾಮಿ, ಎಡಕ್ಕೆ" ಅನ್ನುತ್ತ ಕೂತಿದ್ದರು.